ತಂಗೀ, ‘ಟ್ರೇಡ್’ ಹಣದ ಬಗ್ಗೆ ಕೇಳಿದ್ದೆಯಲ್ಲ

ತಂಗೀ, ನಿನ್ನ ಪತ್ರ ಓದಿದೆ. ನಿಮ್ಮ ಯಜಮಾನರು ಕೆಲಸ ಮಾಡುವ ವೈರಿಂಗ್ ಕಾರ್ಖಾನೆ ಮೆಕ್ಸಿಕೋಗೆ ಹೋಗುತ್ತಿದೆ, ನೋಟೀಸು ಕೈಗೆ ಬಂದಿದೆ. ಲೈನಿನಲ್ಲಿರುವ ಹಳಬರು ‘ಟ್ರೇಡ್‌ಗೆ ಅರ್ಜಿ ಹಾಕು, ಎರಡು ವರ್ಷ ದುಡ್ಡೂ ಕೊಡ್ತಾರೆ, ಕಾಲೇಜಿಗೂ ಕಳಿಸ್ತಾರೆ’ ಅಂದಿದ್ದಾರೆ. ಅದು ನಿಜವಾ, ತಗೊಂಡರೆ ಸಿಟಿಜನ್‌ಶಿಪ್‌ಗೆ ತೊಂದರೆ ಆಗುತ್ತಾ, ಕೆಲಸ ಇಲ್ಲದ ಹೊತ್ತಲ್ಲಿ ಎರಡು ತಿಂಗಳು ಊರಿಗೆ ಹೋಗಿಬರಬಹುದಾ ಅಂತ ಕೇಳಿದ್ದೀಯ.

ಮೊದಲು ಬೇಜಾರಿನ ಸುದ್ದಿ ಹೇಳಿಬಿಡುತ್ತೇನೆ. ಹಳಬರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಹಿಂದಿನ ಮಾತು. ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಅನ್ನೋ ಆ ಯೋಜನೆ ಅಮೆರಿಕದಲ್ಲಿ 1962ರಲ್ಲಿ, ಅಧ್ಯಕ್ಷ ಕೆನಡಿ ಕಾಲದಲ್ಲಿ ಶುರುವಾಗಿದ್ದು. ಹೊರದೇಶದ ಸರಕಿನಿಂದ ಕೆಲಸ ಕಳೆದುಕೊಂಡವರಿಗೆ ಆಸರೆ ಅಂತ. ಅವಧಿ ಮುಂದುವರಿಸದೆ ಬಿಟ್ಟಿದ್ದರಿಂದ 2022ರ ಜುಲೈ 1ರಿಂದ ಹೊಸ ಅರ್ಜಿಗಳಿಗೆ ಮಂಜೂರಾತಿ ಕೊಡುವುದು ನಿಂತಿದೆ. ಅದಕ್ಕೆ ಮುಂಚೆ ಮಂಜೂರಾದ ಕಾರ್ಖಾನೆಗಳವರಿಗೆ ಮಾತ್ರ ಸಿಗುತ್ತಿತ್ತು. ನಿಮ್ಮದು ಹೊಸ ನೋಟೀಸು. ಹಾಗಾಗಿ ಅದನ್ನು ನಂಬಿಕೊಂಡು ಕೂರಬೇಡಿ.

ಹಾಗಂತ ಏನೂ ಇಲ್ಲ ಅಂತಲ್ಲ. ಕೆಲಸದ ಕೊನೆಯ ದಿನ ಮುಗಿದ ವಾರವೇ ರಾಜ್ಯದ ನಿರುದ್ಯೋಗ ವಿಮೆಗೆ ಅರ್ಜಿ ಹಾಕಿಸು. ಇಲ್ಲಿ ನಾರ್ತ್ ಕೆರೊಲಿನಾದಲ್ಲಿ ಅದು ಮೊದಲು 26 ವಾರ ಬರುತ್ತಿತ್ತು. 2013ರ ಕಾನೂನು ಬಂದ ಮೇಲೆ 12ರಿಂದ 20 ವಾರಕ್ಕೆ ಇಳಿಯಿತು, ಅದೂ ರಾಜ್ಯದ ನಿರುದ್ಯೋಗ ದರ ನೋಡಿಕೊಂಡು. ಪ್ರತಿ ವಾರ ಮೂರು ಕಡೆ ಕೆಲಸ ಕೇಳಿದ್ದನ್ನು ಬರೆದಿಡಬೇಕು. ಜೊತೆಗೆ ಕೆಲಸ ಹುಡುಕಲು ನೆರವಾಗುವ ರಾಜ್ಯದ ಎನ್‌ಸಿವರ್ಕ್ಸ್ ಕಚೇರಿಗೆ ಹೋಗಿ ‘ಡಿಸ್‌ಲೊಕೇಟೆಡ್ ವರ್ಕರ್’, ಅಂದರೆ ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡವರು ಅಂತ ಹೆಸರು ಬರೆಸಿ. ತರಬೇತಿಗೆ ಅಲ್ಲಿ ಈಗಲೂ ದಾರಿ ಇದೆ, ಗ್ರೀನ್ ಕಾರ್ಡ್ ಇರುವವರಿಗೂ ಸಿಗುತ್ತದೆ. ಸಿಟಿಜನ್‌ಶಿಪ್ ಬಗ್ಗೆ ಹೆದರಬೇಡ. ನಿರುದ್ಯೋಗ ವಿಮೆ ದುಡಿದವರ ಹಕ್ಕು, ಕಂಪನಿ ಕಟ್ಟಿದ ತೆರಿಗೆಯಿಂದ ಬರೋದು.

ಊರಿಗೆ ಹೋಗೋದು ಮಾತ್ರ ಈಗ ಬೇಡ. ಕರೆದರೆ ನಾಳೆಯೇ ಕೆಲಸಕ್ಕೆ ಬರ್ತೀನಿ ಅನ್ನೋ ಸ್ಥಿತಿಯಲ್ಲಿ ಇದ್ದರೆ ಮಾತ್ರ ಆ ವಾರದ ಹಣ. ಇಂಡಿಯಾದಲ್ಲಿ ಕೂತು ಇಲ್ಲಿದ್ದೇನೆ ಅಂತ ಫಾರಂ ತುಂಬೋದು ದೊಡ್ಡ ಅಪರಾಧ. ಅಮ್ಮನ್ನ ನೋಡಬೇಕು ಅನ್ನಿಸುತ್ತೆ, ನನಗೆ ಗೊತ್ತು.

ನಮ್ಮದೂ ಇದೇ ಕಥೆ. ನಾವು ದಾವಣಗೆರೆಯವರು. ಇವರು ಅಲ್ಲಿ ಕಾಟನ್ ಮಿಲ್ಲಿನಲ್ಲಿ ಸ್ಪಿನ್ನಿಂಗ್ ವಿಭಾಗದಲ್ಲಿದ್ದರು. ಮಿಲ್ ಮುಚ್ಚಿತು, ಬಾಕಿ ಸಂಬಳಕ್ಕೆ ವರ್ಷಗಟ್ಟಲೆ ಅಲೆದರು, ಕೇಳುವವರೇ ಇರಲಿಲ್ಲ. ಅತ್ತಿಗೆ ಅರ್ಜಿ ಹಾಕಿದ್ದರಿಂದ 1998ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದೆವು. ಇಬ್ಬರಿಗೂ ಟವೆಲ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ನೂಲು ತೆಗೆಯುವ ರಿಂಗ್ ಫ್ರೇಮುಗಳ ಸದ್ದು ಕೇಳಿ ಇವರ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನೂಲನ್ನು ಎರಡು ಬೆರಳಲ್ಲಿ ಹೊಸೆದು ನೋಡಿ ಕೌಂಟ್, ಅಂದರೆ ಅದು ಎಷ್ಟು ಸಣ್ಣ ನೂಲು ಅಂತ ಹೇಳುತ್ತಿದ್ದರು. ಸೂಪರ್‌ವೈಸರ್ ತಕ್ಕಡಿ ಹಾಕಿ ನೋಡಿದರೆ ಅಷ್ಟೇ ಇರುತ್ತಿತ್ತು. ಇಂಗ್ಲಿಷ್ ಬರದಿದ್ದರೂ ಆ ಬೆರಳುಗಳಿಗೆ ಅಲ್ಲಿ ಮರ್ಯಾದೆ ಇತ್ತು.

2003ರ ಜುಲೈ 30ರಂದು ಕೆನಾಪೊಲಿಸ್‌ನಲ್ಲಿ ಟವೆಲ್, ಬೆಡ್‌ಶೀಟ್ ಮಾಡುವ ಪಿಲ್ಲೋಟೆಕ್ಸ್ ಕಂಪನಿ ಬಾಗಿಲು ಹಾಕಿತು. ಈ ರಾಜ್ಯವೊಂದರಲ್ಲೇ ಸುಮಾರು 4,800 ಜನ ಬೀದಿಗೆ ಬಿದ್ದರು. ನಮ್ಮದು ಅದಕ್ಕಿಂತ ತುಂಬಾ ಸಣ್ಣ ಮಿಲ್ಲು, ಅದೂ ಅದೇ ವರ್ಷ ನಿಂತಿತು. ಆಗ ಟ್ರೇಡ್‌ಗೆ ಮೂವರು ಕೆಲಸಗಾರರು ಸೇರಿ ಅರ್ಜಿ ಹಾಕಿದರೂ ಸಾಕಿತ್ತು. ಹೊರದೇಶದ ಮಾಲಿನಿಂದಲೇ ಕೆಲಸ ಹೋಯಿತಾ ಅಂತ ವಾಷಿಂಗ್ಟನ್‌ನ ಕಾರ್ಮಿಕ ಇಲಾಖೆ ವಿಚಾರಿಸಿ ಮಂಜೂರು ಮಾಡುತ್ತಿತ್ತು. ನಮಗೂ ಆಯಿತು. ಕಾಲೇಜಿನ ಫೀಸು, ಪುಸ್ತಕ, ಜೊತೆಗೆ ನಿರುದ್ಯೋಗ ವಿಮೆ ಸೇರಿ ಎರಡು ವರ್ಷದವರೆಗೆ ವಾರದ ಹಣ. ಆದರೆ ಒಂದು ಗಡುವು ಇತ್ತು. ಮಂಜೂರಾಗಿ 8 ವಾರ ಅಥವಾ ಕೆಲಸ ಹೋಗಿ 16 ವಾರ, ಯಾವುದು ತಡವೋ ಅದರೊಳಗೆ ತರಬೇತಿಗೆ ಸೇರಿರಬೇಕು.

ನಾನು ಸೇರಿದೆ. ಮೆಡಿಕಲ್ ಆಫೀಸ್ ಕೋರ್ಸು. ಪಕ್ಕದಲ್ಲಿ ಕೂರುತ್ತಿದ್ದವಳು ಹೈಸ್ಕೂಲು ಮುಗಿಸದವಳು, ವಯಸ್ಸು ಐವತ್ತು ದಾಟಿತ್ತು. ಟವೆಲ್ಲಿನ ಅಂಚನ್ನು ಗೆರೆ ಎಳೆದ ಹಾಗೆ ಹೊಲಿಯುತ್ತಿದ್ದ ಕೈ ಮೌಸ್ ಹಿಡಿದರೆ ನಡುಗುತ್ತಿತ್ತು. ಅವಳೂ ಪಾಸಾದಳು.

ಇವರು ಸೇರಲಿಲ್ಲ. ‘ದುಡಿದು ತಿಂದವನು ನಾನು, ಸರ್ಕಾರದ ಮುಂದೆ ಕೈ ಚಾಚಲ್ಲ’ ಅಂದರು. ಊರಲ್ಲಿ ಆದ ಅನುಭವ, ಸರ್ಕಾರ ಕೊಡುತ್ತೆ ಅಂದರೆ ನಂಬಿಕೆಯೇ ಬರಲಿಲ್ಲ. ಕೆಲಸ ಹೋಗಿದ್ದನ್ನು ಊರಿಗೂ ಹೇಳಲಿಲ್ಲ. ಗಡುವು ಮುಗಿಯಿತು. ಗೋದಾಮಿನಲ್ಲಿ ರಾತ್ರಿ ಪಾಳಿ ಹಿಡಿದರು, ರಿಟೈರ್ ಆಗುವವರೆಗೂ ಡಬ್ಬ ಎತ್ತಿ ಇಟ್ಟರು. ಮೆಷಿನ್ ರಿಪೇರಿ ಕೋರ್ಸು ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಇವತ್ತಿಗೂ ಆ ವಿಷಯ ಎತ್ತಿದರೆ ಎದ್ದು ಹೋಗಿಬಿಡುತ್ತಾರೆ. ನನಗೆ ಈ ದೇಶ ಎಲ್ಲಾ ಕೊಟ್ಟಿದೆ, ಆದರೆ ಈ ಒಂದು ಸಂಕಟ ಹೋಗಿಲ್ಲ.

ನಿಮ್ಮ ಯಜಮಾನರೂ ಹೀಗೇ ಮೌನವಾಗಿ ಕೂತಿದ್ದಾರೆ ಅಂತ ಬರೆದಿದ್ದೀಯ, ಅದಕ್ಕೇ ಇಷ್ಟು ಹೇಳಿದೆ. ಎನ್‌ಸಿವರ್ಕ್ಸ್‌ಗೆ ಒಬ್ಬರನ್ನೇ ಕಳಿಸಬೇಡ, ನೀನೂ ಹೋಗು. ನೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಕಾರ್ಖಾನೆ ಮುಚ್ಚುವಾಗ ಸಾಮಾನ್ಯವಾಗಿ 60 ದಿನ ಮುಂಚೆ ನೋಟೀಸು ಕೊಡಬೇಕು. ನಿಮ್ಮ ನೋಟೀಸಿನಲ್ಲಿರುವ ಎರಡೂ ತಾರೀಕು, ನೋಟೀಸು ಕೊಟ್ಟ ದಿನ ಮತ್ತು ಕೆಲಸದ ಕೊನೆಯ ದಿನ, ನೋಡಿ ಬರೆದು ಕಳಿಸು. ಶನಿವಾರ ಮಧ್ಯಾಹ್ನದ ಮೇಲೆ ಫೋನ್ ಮಾಡಿದರೆ ಅರ್ಜಿ ಜೊತೆಯಲ್ಲೇ ತುಂಬೋಣ.