ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮಂಗನ ಕಾಯಿಲೆ

ಪ್ರಶ್ನೆ: ಡಾಕ್ಟರೇ, ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟದ ಬೇಲಿ ದಾಟಿದರೆ ಕಾಡು. ಫೆಬ್ರವರಿಯಲ್ಲಿ ನಮ್ಮ ಅತ್ತೆಯವರಿಗೆ ಒಮ್ಮೆಲೇ ಚಳಿಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ವಿಪರೀತ ನೋವು ಶುರುವಾಯಿತು. ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟೆವು. ನಾಲ್ಕನೆಯ ದಿನ ವಸಡಿನಲ್ಲಿ ರಕ್ತ ಜಿನುಗಿದಾಗ ಆಸ್ಪತ್ರೆಗೆ ಸೇರಿಸಿದೆವು. ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಬಂತು. ಈಗ ಜ್ವರ ಬಿಟ್ಟು ಆರು ದಿನವಾಗಿದೆ. ನಮ್ಮ ತೋಟದಲ್ಲಿ ಮಂಗ ಸತ್ತೇ ಇರಲಿಲ್ಲ. ಹಾಗಿದ್ದೂ ಇದು ಹೇಗೆ ಬಂತು? ಆರೈಕೆ ಮಾಡುವ ನನಗೂ ಮಕ್ಕಳಿಗೂ ಅಂಟೀತೇ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರಿಸುತ್ತೇನೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅತ್ತೆಯವರ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಲು, ಅವರ ಬಟ್ಟೆ ಒಗೆಯಲು ನೀವು ಹಿಂಜರಿಯಬೇಕಾಗಿಲ್ಲ.

ಕಾಯಿಲೆಯ ವೈರಾಣು ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುದರಿಂದ ಮಂಗನ ಹೆಸರು ಅಂಟಿಕೊಂಡಿತು. ಆದರೆ ಮಂಗವೂ ನಮ್ಮಂತೆಯೇ ಇದಕ್ಕೆ ಬಲಿಯಾಗುವ ಪ್ರಾಣಿ. ವೈರಾಣುವನ್ನು ನಮ್ಮ ಮೈಗೆ ದಾಟಿಸುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಜೀವಿ. ಅದರಲ್ಲೂ ಪೂರ್ತಿ ಬೆಳೆಯದ, ರಾಗಿಕಾಳಿನಷ್ಟೂ ಇರದ ಮರಿ ಉಣುಗುಗಳೇ ಹೆಚ್ಚಾಗಿ ಮನುಷ್ಯರನ್ನು ಕಚ್ಚುತ್ತವೆ. ಮಳೆಗಾಲ ಮುಗಿದು ಎಲೆ ಉದುರುವ ಕಾಲಕ್ಕೆ ಅವು ತರಗೆಲೆಗಳ ನಡುವೆ ಹೆಚ್ಚುತ್ತವೆ. ಹಾಗಾಗಿ ನಮ್ಮಲ್ಲಿ ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ. ಕೊಟ್ಟಿಗೆಗೆ ಹಾಸಲು ಅತ್ತೆಯವರು ಕಾಡಿನಿಂದ ದರಗು ಗುಡಿಸಿ ತಂದಿದ್ದರೇ ಎಂದು ಕೇಳಿ ನೋಡಿ. ಸೀರೆಯ ನೆರಿಗೆಯಲ್ಲೋ ಸೊಂಟದ ಮಡಿಕೆಯಲ್ಲೋ ಕೂತ ಮರಿ ಉಣುಗು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಜ್ವರ ಬರುತ್ತದೆ. ಸತ್ತ ಮಂಗ ಅಪಾಯದ ಸೂಚನೆ, ನಿಜ. ಅದರ ಮೈಯಿಂದ ಇಳಿದ ಉಣುಗುಗಳು ಸುತ್ತ ಹರಡುವುದರಿಂದ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಆದರೆ ಮಂಗ ಸತ್ತಿಲ್ಲವೆಂದರೆ ಕಾಯಿಲೆಯಿಲ್ಲ ಎಂದು ತಿಳಿಯುವುದು ತಪ್ಪು.

ಈಗ ನೀವು ಕೇಳದ, ಆದರೆ ನಾನು ಹೇಳಲೇಬೇಕಾದ ಮಾತು. ಜ್ವರ ಬಿಟ್ಟ ಮಾತ್ರಕ್ಕೆ ಈ ಕಾಯಿಲೆ ಮುಗಿಯಿತೆನ್ನಲಾಗದು. ನೂರರಲ್ಲಿ ಹತ್ತಿಪ್ಪತ್ತು ರೋಗಿಗಳಿಗೆ, ಒಂದೆರಡು ವಾರ ಚೆನ್ನಾಗಿದ್ದ ಮೇಲೆ ಜ್ವರ ಮರುಕಳಿಸುತ್ತದೆ, ಮತ್ತು ಈ ಸಲ ಅದು ನರಮಂಡಲವನ್ನು ತಟ್ಟಬಹುದು. ತೀವ್ರ ತಲೆನೋವು, ಕೈನಡುಕ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು, ಗುರುತು ಸಿಗದಂತೆ ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಯಾಸ ಮಾತ್ರ ಕೆಲವು ವಾರ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕಾಗಿ ಹೆದರಬೇಡಿ, ತೋಟದ ಕೆಲಸಕ್ಕೆ ಅವರನ್ನು ಅವಸರಿಸಲೂ ಬೇಡಿ.

ಈ ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ ಕೊಟ್ಟು ದೇಹದ ನೀರಿನಂಶ ಕಾಯುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ಎಣಿಕೆ ನೋಡುತ್ತಿರುವುದು, ರಕ್ತಸ್ರಾವವಾದರೆ ರಕ್ತ ಅಥವಾ ಅದರ ಘಟಕಗಳನ್ನು ಕೊಡುವುದು ಇವೇ ಚಿಕಿತ್ಸೆ. ಕಾಯಿಲೆ ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವುದರಿಂದ ಬೇಗ ಬಂದಷ್ಟೂ ಒಳ್ಳೆಯದು. ನೀವು ಕೊಟ್ಟ ನೋವಿನ ಮಾತ್ರೆ ಯಾವುದೋ ತಿಳಿಯದು. ನಿಮ್ಮನ್ನು ದೂರುತ್ತಿಲ್ಲ, ಮೈನೋವಿಗೆ ಎಲ್ಲರೂ ಮಾಡುವುದು ಅದನ್ನೇ. ಆದರೆ ಪ್ಲೇಟ್‌ಲೆಟ್ ಇಳಿಯುವ ಇಂಥ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ಸಾಕು. ಈ ತಿಂಗಳುಗಳಲ್ಲಿ ಮನೆಯ ಯಾರಿಗೇ ಜ್ವರ ಬಂದರೂ ವೈದ್ಯರು ಕೇಳುವ ಮೊದಲೇ ‘ಕಾಡಿಗೆ ಹೋಗಿದ್ದೆ’ ಎಂದು ಹೇಳಿ. ರಕ್ತವನ್ನು ಯಾವ ಪರೀಕ್ಷೆಗೆ ಕಳುಹಿಸಬೇಕೆಂಬುದು ಆ ಒಂದು ಮಾತಿನಿಂದ ತೀರ್ಮಾನವಾಗುತ್ತದೆ.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಎರಡು ಸಲ ಲಸಿಕೆ ಹಾಕಿಸಿಕೊಂಡಿದ್ದೇನೆ. ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ಎಣ್ಣೆ ಹಚ್ಚಲೇಬೇಕೆ?

ಉತ್ತರ: ಹಚ್ಚಲೇಬೇಕು. ಆ ಲಸಿಕೆಯ ರಕ್ಷಣೆ ಅಲ್ಪಕಾಲದ್ದಾಗಿತ್ತು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಪರಿಣಾಮ ಸಾಲದೆಂದು ಕಂಡ ಮೇಲೆ ಅದರ ಬಳಕೆಯೇ ನಿಂತಿದೆ. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು ಹೋಗಿ. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣುಗು ಇದೆಯೇ ಎಂದು ಹುಡುಕಿ. ಕಚ್ಚಿಕೊಂಡಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಬೆರಳಿನಿಂದ ಹಿಸುಕಬೇಡಿ, ಬೆಂಕಿಕಡ್ಡಿಯಿಂದ ಸುಡಬೇಡಿ. ಕಿತ್ತ ಜಾಗವನ್ನು ಸೋಪಿನಿಂದ ತೊಳೆದು, ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಹತ್ತು ದಿನಗಳಲ್ಲಿ ಜ್ವರ ಬಂದರೆ ಅದನ್ನು ವೈದ್ಯರಿಗೆ ತೋರಿಸಬಹುದು.