ಮೇಲ್‌ಬಾಕ್ಸ್ ಎಲ್ಲ ಸಾಗಿಸಿದರೂ ಡಿಸ್ಕ್ ಖಾಲಿಯಾಗುತ್ತಿಲ್ಲವೇ?

ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನ ಡಿಸ್ಕ್ ತುಂಬಿದ ಗೋಳು ಈ ಅಂಕಣಕ್ಕೆ ಬರುವುದು ನಿಂತೇ ಇಲ್ಲ. ಬರೆಯುವವರು ಮುಂಬೈ, ಪುಣೆಯ ಕಾರ್ಖಾನೆ, ಕಚೇರಿಗಳಲ್ಲಿ ಒಬ್ಬರೇ ಸರ್ವರ್ ನೋಡಿಕೊಳ್ಳುವ ನಮ್ಮ ಹುಡುಗರು. ಕಮಾಂಡ್ ಕೊಡುವ ಪವರ್‌ಶೆಲ್ ತೆರೆಯುವುದು ಹೇಗೆ ಎಂಬಲ್ಲಿಂದ ನಾನು ಶುರು ಮಾಡುವುದಿಲ್ಲ. ಅದು ಬಾರದಿದ್ದರೆ ಡೇಟಾಬೇಸ್ ಮುಟ್ಟಲೇಬೇಡಿ.

ಪ್ರಶ್ನೆ (ಭೋಸರಿ, ಪುಣೆ): ಸರ್, ಎಕ್ಸ್‌ಚೇಂಜ್ 2019ರಲ್ಲಿ ಸಿಬ್ಬಂದಿಯ ಮೇಲ್‌ಬಾಕ್ಸ್‌ಗಳನ್ನೆಲ್ಲ ಹೊಸ ಡೇಟಾಬೇಸ್‌ಗೆ ಸಾಗಿಸಿದೆ. ಹಳೇ ಡೇಟಾಬೇಸ್‌ನ ಇಡಿಬಿ ಫೈಲ್ ಮಾತ್ರ 400 ಜಿಬಿಯಲ್ಲೇ ನಿಂತಿದೆ. ಆ ಡೇಟಾಬೇಸನ್ನೇ ತೆಗೆದುಹಾಕಲು ಹೋದರೆ ಇನ್ನೂ ಮೇಲ್‌ಬಾಕ್ಸ್ ಇದೆ ಅನ್ನುತ್ತದೆ, ಅಡ್ಮಿನ್ ಸೆಂಟರ್‌ನಲ್ಲಿ ನೋಡಿದರೆ ಒಂದೂ ಇಲ್ಲ. ಗುರುವಾರ ರಜೆ, ಅವತ್ತು ಎಕ್ಸ್‌ಚೇಂಜ್‌ನ ಡೇಟಾಬೇಸ್ ಸಾಧನ ಇಎಸ್‌ಇಯುಟಿಲ್‌ನಿಂದ ಡಿಫ್ರಾಗ್ ಮಾಡಲೇ?

ಬೇಡ. ಎಸೆಯಬೇಕಾದ ಫೈಲನ್ನು ಕುಗ್ಗಿಸುವುದೇಕೆ? ಆಫ್‌ಲೈನ್ ಡಿಫ್ರಾಗ್‌ಗೆ ಡೇಟಾಬೇಸ್ ಡಿಸ್‌ಮೌಂಟ್ ಆಗಬೇಕು, ಅಂದರೆ ಬಳಕೆಯಿಂದ ಇಳಿಯಬೇಕು; ಹೊಸ ಪ್ರತಿ ಬರೆಯಲು ಬೇರೆ ಜಾಗವೂ ಬೇಕು. ಭೋಸರಿಯಲ್ಲಿ ಲೈನ್ ಕೆಲಸಕ್ಕೆಂದು ಕರೆಂಟ್ ತೆಗೆಯುವುದೂ ಗುರುವಾರವೇ. ಯುಪಿಎಸ್ ಅರ್ಧದಲ್ಲಿ ಕೈಕೊಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಮೇಲ್‌ಬಾಕ್ಸ್ ಸಾಗಿಸಿದರೆ ಇಡಿಬಿ ಫೈಲ್ ಚಿಕ್ಕದಾಗುವುದಿಲ್ಲ. ಬಾಡಿಗೆದಾರರು ಹೋದರೂ ಕಟ್ಟಡ ಅಷ್ಟೇ ಜಾಗ ಹಿಡಿದಿರುತ್ತದಲ್ಲ, ಹಾಗೆ. ಒಳಗೆ ತೆರವಾದ ಜಾಗ ಆ ಡೇಟಾಬೇಸ್‌ನ ಮುಂದಿನ ಮೇಲ್‌ಗಳಿಗೆ ಸಿಗುತ್ತದೆ, ವಿಂಡೋಸ್‌ಗೆ ಸಿಗುವುದಿಲ್ಲ. ಅದೂ ತಕ್ಷಣ ತೆರವಾಗುವುದಿಲ್ಲ: ಸಾಗಿಸಿದ ಮೇಲ್‌ಬಾಕ್ಸ್‌ನ ಹಳೇ ಪ್ರತಿ ಸಾಫ್ಟ್ ಡಿಲೀಟೆಡ್ ಆಗಿ, ಅಂದರೆ ಅಳಿಸಿದರೂ ಪೂರ್ತಿ ಹೋಗದೆ, ಅಲ್ಲೇ ಇರುತ್ತದೆ. ನೀವು ಬದಲಿಸಿಲ್ಲದಿದ್ದರೆ ಅವಧಿ 30 ದಿನ.

ಕಣ್ಣಿಗೆ ಕಾಣದ ಮೇಲ್‌ಬಾಕ್ಸ್‌ಗಳು ಸಿಸ್ಟಮ್‌ನವು, ಎಕ್ಸ್‌ಚೇಂಜ್ ತನ್ನ ಕೆಲಸಕ್ಕೆ ಇಟ್ಟುಕೊಂಡವು. ಗೆಟ್-ಮೇಲ್‌ಬಾಕ್ಸ್ ಕಮಾಂಡ್‌ಗೆ ಹಳೇ ಡೇಟಾಬೇಸ್ ಹೆಸರು ಕೊಟ್ಟು, ಜೊತೆಗೆ ಆರ್ಬಿಟ್ರೇಷನ್ ಸ್ವಿಚ್ ಹಾಕಿ. ‘ಸಿಸ್ಟಮ್‌ಮೇಲ್‌ಬಾಕ್ಸ್’ ಎಂದು ಶುರುವಾಗಿ ಮುಂದೆ ಪುಷ್ಪಾವರಣದಲ್ಲಿ ಉದ್ದನೆಯ ಸಂಖ್ಯೆ ಇರುವ ಹೆಸರುಗಳು, ‘ಮೈಗ್ರೇಷನ್’, ‘ಫೆಡರೇಟೆಡ್‌ಇಮೇಲ್’ ಎಲ್ಲ ಹೊರಬೀಳುತ್ತವೆ. ಆಮೇಲೆ ಆಡಿಟ್‌ಲಾಗ್, ಆರ್ಕೈವ್, ಪಬ್ಲಿಕ್‌ಫೋಲ್ಡರ್ ಸ್ವಿಚ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಡೊಮೇನ್ ಒಂದಕ್ಕಿಂತ ಹೆಚ್ಚಿದ್ದರೆ ಮೊದಲೇ ಇಡೀ ಫಾರೆಸ್ಟ್ (ಎಲ್ಲ ಡೊಮೇನ್‌ಗಳ ಗುಂಪು) ಕಾಣುವಂತೆ ವ್ಯೂ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಪಟ್ಟಿ ಖಾಲಿ ಬಂದು ದಾರಿ ತಪ್ಪುತ್ತೀರಿ. ಸಿಕ್ಕಿದ್ದನ್ನೆಲ್ಲ ನ್ಯೂ-ಮೂವ್‌ರಿಕ್ವೆಸ್ಟ್‌ನಿಂದ ಹೊಸ ಡೇಟಾಬೇಸ್‌ಗೆ ಕಳಿಸಿ.

ಬೇಡದ ಖಾತೆಗಳೆಂದು ಆಕ್ಟಿವ್ ಡೈರೆಕ್ಟರಿಯಲ್ಲಿ (ಖಾತೆಗಳೆಲ್ಲ ಇರುವ ವಿಂಡೋಸ್‌ನ ಪಟ್ಟಿ) ಈ ಸಿಸ್ಟಮ್ ಮೇಲ್‌ಬಾಕ್ಸ್‌ಗಳನ್ನು ಅಳಿಸುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಆಫ್‌ಲೈನ್ ಅಡ್ರೆಸ್ ಬುಕ್ ತಯಾರಾಗುವುದು, ಒಪ್ಪಿಗೆಗೆ ಕಾದಿರುವ ಮೇಲ್ ನಿಲ್ಲುವುದು, ಅಡ್ಮಿನ್ ಆಡಿಟ್ ದಾಖಲೆ ಉಳಿಯುವುದು ಇವುಗಳಲ್ಲೇ. ಅಳಿಸಿದ ಮೇಲೆ ಎಕ್ಸ್‌ಚೇಂಜ್ ಸೆಟಪ್‌ನ ಪ್ರಿಪೇರ್‌ಎಡಿ ಸ್ವಿಚ್ ಮತ್ತೆ ಓಡಿಸಿ, ಒಂದೊಂದನ್ನೂ ಮತ್ತೆ ಎನೇಬಲ್ ಮಾಡುತ್ತ ಕೂರಬೇಕು. ಸರ್ವರ್‌ನ ಸ್ಥಿತಿ ಪರೀಕ್ಷಿಸುವ ಹೆಲ್ತ್ ಮೇಲ್‌ಬಾಕ್ಸ್‌ಗಳ ಚಿಂತೆ ಬೇಡ, ಅವನ್ನು ಹೆಲ್ತ್ ಮ್ಯಾನೇಜರ್ ಸರ್ವಿಸ್ ತಾನೇ ಮತ್ತೆ ಹುಟ್ಟಿಸಿಕೊಳ್ಳುತ್ತದೆ.

ನಾನು ಹೆಚ್ಚು ಹೆದರುವುದು ಲಾಗ್ ಡ್ರೈವ್‌ಗೆ, ಅಂದರೆ ಡೇಟಾಬೇಸ್‌ನ ಪ್ರತಿ ಬದಲಾವಣೆ ದಾಖಲಾಗುವ ಫೈಲ್‌ಗಳಿರುವ ಡ್ರೈವ್‌ಗೆ. ಸಾಗಿಸಿದ ಪ್ರತಿ ಮೇಲ್ ಹೊಸ ಡೇಟಾಬೇಸ್‌ನ ಲಾಗ್‌ನಲ್ಲೂ ದಾಖಲಾಗುತ್ತದೆ, ಒಂದೊಂದು ಫೈಲ್ 1 ಎಂಬಿ. 100 ಜಿಬಿ ಸಾಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಲಾಗ್ ಬೀಳುತ್ತದೆಂದು ಲೆಕ್ಕ ಹಾಕಿ. ಆ ಡ್ರೈವ್ ತುಂಬಿದರೆ ಹೊಸ ಡೇಟಾಬೇಸ್ ಡಿಸ್‌ಮೌಂಟ್ ಆಗಿ ಎಲ್ಲರ ಇಮೇಲ್ ನಿಲ್ಲುತ್ತದೆ. ನೀವು ಸಿಬ್ಬಂದಿಯ ಮೇಲ್‌ಬಾಕ್ಸ್ ಈಗಾಗಲೇ ಸಾಗಿಸಿದ್ದೀರಿ, ಆದ್ದರಿಂದ ಇವತ್ತೇ ಆ ಡ್ರೈವ್ ನೋಡಿ, ಫುಲ್ ಬ್ಯಾಕಪ್ ಮಾಡಿ; ಅದಾದರೆ ಹಳೇ ಲಾಗ್‌ಗಳು ತಾವೇ ಹೋಗುತ್ತವೆ. ಇನ್ನೂ ಸಾಗಿಸದವರು ಕಂತು ಕಂತಾಗಿ ಸಾಗಿಸಿ, ಪ್ರತಿ ಕಂತಿನ ನಂತರ ಫುಲ್ ಬ್ಯಾಕಪ್ ಮಾಡಿ.

ಎಲ್ಲ ಮುಗಿದ ಮೇಲೆ ಹಳೇ ಮೂವ್ ರಿಕ್ವೆಸ್ಟ್‌ಗಳನ್ನು ತೆಗೆದುಹಾಕಿ. ಅವು ಉಳಿದಿದ್ದರೂ ಡೇಟಾಬೇಸ್ ತೆಗೆಯಲು ಬಿಡುವುದಿಲ್ಲ. ರಿಮೂವ್-ಮೇಲ್‌ಬಾಕ್ಸ್‌ಡೇಟಾಬೇಸ್ ಕೊಟ್ಟರೂ ಇಡಿಬಿ ಫೈಲ್ ಡಿಸ್ಕ್‌ನಲ್ಲೇ ಇರುತ್ತದೆ. ಅದನ್ನೂ ಅದರ ಲಾಗ್ ಫೋಲ್ಡರನ್ನೂ ಕೈಯಾರೆ ಅಳಿಸಬೇಕು. ಹೊಸ ಡೇಟಾಬೇಸ್‌ನ ಫುಲ್ ಬ್ಯಾಕಪ್ ಸರಿಯಾಗಿದೆ ಎಂದು ಖಾತ್ರಿಯಾಗುವ ತನಕ ನಾನಂತೂ ಅಳಿಸಲು ಹೇಳುವುದಿಲ್ಲ.

ಇನ್ನೊಂದು ಮಾತು: 2016, 2019 ಎರಡೂ ಆವೃತ್ತಿಗಳಿಗೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಸರ್ವರ್‌ಗೆ ಹೋಗಿ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡುವಾಗಲೂ ಇದೇ ಸಿಸ್ಟಮ್ ಮೇಲ್‌ಬಾಕ್ಸ್‌ಗಳು ಅಡ್ಡ ಬರುತ್ತವೆ.

ಪ್ರಶ್ನೆ (ಡೊಂಬಿವಲಿ): ಡೇಟಾಬೇಸ್ ಸ್ವಚ್ಛವಾಗಲು ತಿಂಗಳಿಗೊಮ್ಮೆ ಇಎಸ್‌ಇಯುಟಿಲ್ ಪಿ ಸ್ವಿಚ್ ಓಡಿಸಿ ಎಂದು ಕನ್ಸಲ್ಟೆಂಟ್ ಹೇಳಿದ್ದಾರೆ.

ಅವರನ್ನು ಮತ್ತೆ ಸರ್ವರ್ ರೂಮಿಗೆ ಸೇರಿಸಬೇಡಿ. ಅದು ರಿಪೇರಿ ಸ್ವಿಚ್. ಓದಲಾಗದ ಪುಟಗಳನ್ನು ಕಿತ್ತೆಸೆಯುತ್ತದೆ, ಅದರಲ್ಲಿದ್ದ ಮೇಲ್ ಹೋಯಿತೆಂದೇ ಲೆಕ್ಕ. ಬ್ಯಾಕಪ್ಪೂ ಇಲ್ಲದೆ ಡೇಟಾಬೇಸ್ ಮೌಂಟ್ ಆಗದಿದ್ದಾಗ, ಬೇರೆ ದಾರಿಯೇ ಉಳಿದಿಲ್ಲವೆಂದಾಗ ಮಾತ್ರ ಅದರ ಮಾತು.

ಪ್ರಶ್ನೆ (ವಾಸ್ಕೊ, ಗೋವಾ): ಇ00 ಎಂದು ಶುರುವಾಗುವ ಡೇಟಾಬೇಸ್ ಲಾಗ್ ಫೈಲ್‌ಗಳನ್ನು ಆಯ್ದು ಅಳಿಸಬಹುದೇ?

ಬೇಡ. ಎಕ್ಸ್‌ಚೇಂಜ್ ಗುರುತಿಸುವ ಬ್ಯಾಕಪ್ ಸಾಫ್ಟ್‌ವೇರ್‌ನಿಂದ ಫುಲ್ ಬ್ಯಾಕಪ್ ಮಾಡಿ, ಅವು ತಾವೇ ಹೋಗುತ್ತವೆ.

ಪ್ರಶ್ನೆ (ಗೋರೆಗಾಂವ್): ನಮ್ಮಲ್ಲಿ ಸಿ ಡ್ರೈವ್ ಮಾತ್ರ ತುಂಬುತ್ತಿದೆ.

ವಿಂಡೋಸ್‌ನ ವೆಬ್ ಸರ್ವರ್ ಐಐಎಸ್‌ನ ಲಾಗ್‌ಫೈಲ್ಸ್ ಫೋಲ್ಡರ್, ಎಕ್ಸ್‌ಚೇಂಜ್‌ನ ಲಾಗಿಂಗ್ ಫೋಲ್ಡರ್ ನೋಡಿ. ಇವು ಡೇಟಾಬೇಸ್‌ನ ಲಾಗ್‌ಗಳಲ್ಲ, ಹಳೆಯವನ್ನು ಅಳಿಸಬಹುದು. ಇವತ್ತೇ ಅಳಿಸಿ, ಡಿಸ್ಕ್ ತೀರಾ ತುಂಬಿದರೆ ಸರ್ವರ್ ಹೊರಗಿನ ಮೇಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ.