ಸಂಬಳವಿಲ್ಲದ ಓವರ್‌ಟೈಮ್ ಮುಂದೆ ಹೈಕ್ ತಂದುಕೊಡುತ್ತಾ?

ತಿಂಗಳಿಗೆ 60,000 ಸಂಬಳ, ಒಂಬತ್ತು ಗಂಟೆಯ ಬದಲು ದಿನಾ ಹನ್ನೊಂದು ಗಂಟೆ ಕೆಲಸ, ಮುಂದೆ ಇದು ಹೈಕ್ ಆಗಿ ವಾಪಸ್ ಬರುತ್ತಾ ಅಂತ ಕೇಳಿದ್ದೀರಿ. ಮೊದಲು ಲೆಕ್ಕ ನೋಡಿ.

22 ದಿನ, ಒಂಬತ್ತು ಗಂಟೆ ಅಂದರೆ ಗಂಟೆಗೆ ಸುಮಾರು 303 ರೂಪಾಯಿ. ಹನ್ನೊಂದು ಗಂಟೆ ಮಾಡಿದರೆ 248. ಶೇ 10 ಹೈಕ್ ಸಿಕ್ಕರೂ 273ಕ್ಕೆ ನಿಲ್ಲುತ್ತದೆ. ಹಳೇ ದರಕ್ಕೆ ಬರೋಕೇ ಸುಮಾರು ಶೇ 22 ಬೇಕು! ಅಷ್ಟು ಕೊಡುವ ಮ್ಯಾನೇಜರ್ ಅಪರೂಪ, ಅಲ್ವಾ?

ಹೈಕ್ ಲೆಕ್ಕ ಹಾಕುವುದು ಈಗಿನ ಸಂಬಳದ ಮೇಲೆ. ಕಂಪನಿ ಬದಲಿಸುವಾಗಲೂ ಕೇಳುವುದು ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ರಾತ್ರಿ ಕೂತ ಗಂಟೆಗಳು ಎರಡರಲ್ಲೂ ಕಾಣುವುದಿಲ್ಲ. ಟೀಮಿನಲ್ಲಿ ಎಲ್ಲರೂ ಲೇಟಾಗಿ ಕೂತರೆ ರೇಟಿಂಗ್‌ನಲ್ಲೂ ಲಾಭವಿಲ್ಲ. ನಿಮ್ಮ ಶ್ರಮ ನೋಡಿದ ಮ್ಯಾನೇಜರ್ ಕೆಲಸ ಬಿಟ್ಟರಂತೂ ಮುಗೀತು, ಹೊಸಬರಿಗೆ ಅದೆಲ್ಲ ಗೊತ್ತೇ ಇರಲ್ಲ.

ಹೊಸ ಕೆಲಸ ಕಲಿಯುತ್ತಿದ್ದರೆ, ಅದು ರೆಸ್ಯೂಮೆಯಲ್ಲಿ ಬರೆಯುವಂಥದ್ದಾದರೆ, ಒಂದಷ್ಟು ತಿಂಗಳು ಸರಿ. ಅದೇ ರಿಪೋರ್ಟು, ಅದೇ ಕಾಲ್ ಆದರೆ ಸುಮ್ನೆ ದಂಡ. ಆ ಎರಡು ಗಂಟೆಯಲ್ಲಿ ಇಂಟರ್‌ವ್ಯೂಗೆ ಓದಿ, ಸಂಬಳ ಜಾಸ್ತಿಯಾಗುವುದು ಹೆಚ್ಚಾಗಿ ಕಂಪನಿ ಬದಲಿಸಿದಾಗಲೇ.

ನೀವು ಬೆಂಗಳೂರಿನವರು ಅಂದಿದ್ದೀರಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಓವರ್‌ಟೈಮ್‌ಗೆ ದುಪ್ಪಟ್ಟು ದರ ಇದೆ, ಮ್ಯಾನೇಜ್‌ಮೆಂಟ್ ಹುದ್ದೆಯವರಿಗೆ ಅನ್ವಯಿಸಲ್ಲ. ಇವತ್ತಿನಿಂದಲೇ ಲಾಗಿನ್-ಲಾಗೌಟ್ ಸಮಯ ಬರೆದಿಡಿ. ಅಪ್ರೈಸಲ್‌ನಲ್ಲಿ (ಕೆಲಸದ ಮೌಲ್ಯಮಾಪನದಲ್ಲಿ) ಮಾತಾಡಲು ಅದು ಬೇಕಾಗುತ್ತದೆ.